ದನಿ ತೆಗೆದು ನೋಡಿದ ಒಂದು ಕಂತು

ಎರಡನೇ ಮಹಾಯುದ್ಧದ ಕಾಲದಲ್ಲಿ ಊರು ಕಾಯಲು ನಿಂತ ಬ್ರಿಟನ್ನಿನ ಸ್ವಯಂಸೇವಕ ಪಡೆಯೊಂದರ ಕಥೆ ಹೇಳುವ ಬಿಬಿಸಿಯ ಹಾಸ್ಯ ಧಾರಾವಾಹಿ ‘ಡ್ಯಾಡ್ಸ್ ಆರ್ಮಿ’ಯ ‘ದ ಡೆಡ್ಲಿ ಅಟ್ಯಾಚ್‌ಮೆಂಟ್’ ಕಂತನ್ನು ಮೊನ್ನೆ ಸಂಜೆ ದನಿ ಪೂರ್ತಿ ಬಂದ್ ಮಾಡಿ ನೋಡಿದೆ. ಮಾತೆಲ್ಲ ಬಾಯಿಪಾಠವಾಗಿರುವ ಕಂತು ಅದು, ಹಾಗಾಗಿ ಕಿವಿಗೆ ರಜೆ ಕೊಟ್ಟರೂ ಕಥೆ ತಪ್ಪುವುದಿಲ್ಲ. ನನಗೆ ನೋಡಬೇಕಿದ್ದದ್ದು ಒಬ್ಬರನ್ನೇ, ಕ್ಯಾಪ್ಟನ್ ಮ್ಯಾನರಿಂಗ್ ಪಾತ್ರದ ಆರ್ಥರ್ ಲೋ ಅವರನ್ನು.

ಮೊದಲು ಕಣ್ಣಿಗೆ ಬೀಳುವುದು ಕನ್ನಡಕ. ದುಂಡು ಮುಖ, ಕುಳ್ಳು ದೇಹ, ಮೇಲೆತ್ತಿದ ಗದ್ದ, ನಡುವೆ ಆ ಗಾಜು. ಸಣ್ಣ ನೂಕಾಟವಾದರೂ ಸಾಕು, ಕನ್ನಡಕ ಓರೆಯಾಗುತ್ತದೆ, ಟೋಪಿ ಜಾರುತ್ತದೆ. ಲೋ ಅದನ್ನು ತಕ್ಷಣ ಸರಿಪಡಿಸಿಕೊಳ್ಳುವುದಿಲ್ಲ. ಓರೆ ಕನ್ನಡಕದಲ್ಲೇ ಆಜ್ಞೆ ಕೊಡುತ್ತಾರೆ, ಏನೂ ಆಗಿಲ್ಲವೆಂಬ ಮುಖದಲ್ಲಿ. ಬಿದ್ದವನನ್ನು ನೋಡಿ ಜನ ಒಂದು ಸಲ ನಗುತ್ತಾರೆ. ಬಿದ್ದೇ ಇಲ್ಲವೆಂದು ಸಾಧಿಸುವವನನ್ನು ನೋಡಿ ಅವನು ಅಲ್ಲಿರುವಷ್ಟು ಹೊತ್ತೂ ನಗುತ್ತಾರೆ.

ಲೋ ಅವರ ದೃಷ್ಟಿ ನಿಜಕ್ಕೂ ಮಂದವೇ. 1915ರಲ್ಲಿ ಡರ್ಬಿಶೈರ್‌ನ ಹೇಫೀಲ್ಡ್‌ನಲ್ಲಿ ಹುಟ್ಟಿ ಮ್ಯಾಂಚೆಸ್ಟರ್‌ನಲ್ಲಿ ಬೆಳೆದ ಅವರಿಗೆ ವ್ಯಾಪಾರಿ ಹಡಗು ಸೇರುವ ಆಸೆಯಿತ್ತು, ಕಣ್ಣು ಅಡ್ಡ ಬಂತು. ತಂದೆ ರೈಲ್ವೆಯಲ್ಲಿದ್ದವರು, ಊರೂರು ಸುತ್ತುವ ನಾಟಕ ಕಂಪನಿಗಳಿಗೆ ವಿಶೇಷ ರೈಲು ಹೊಂದಿಸಿಕೊಡುವ ಕೆಲಸ ಅವರದು. ಮಗ ಮೋಟಾರು ಬಿಡಿಭಾಗಗಳ ವ್ಯಾಪಾರದಲ್ಲಿ, ಆಮೇಲೆ ವಿಮಾನ ಕಾರ್ಖಾನೆಯಲ್ಲಿ ದುಡಿದು, ಸೈನ್ಯ ಸೇರಿ, ಮಧ್ಯಪ್ರಾಚ್ಯದಲ್ಲಿ ಜೊತೆಯ ಸೈನಿಕರಿಗಾಗಿ ನಾಟಕವಾಡಿ, ವೃತ್ತಿರಂಗಭೂಮಿಗೆ ಬಂದಾಗ 1945, ವಯಸ್ಸು ಮೂವತ್ತು. ಶುರುವಾಗಿದ್ದು ಮ್ಯಾಂಚೆಸ್ಟರ್‌ನ ರೆಪರ್ಟರಿಯಲ್ಲಿ, ಅಂದರೆ ಒಂದೇ ತಂಡ ಒಂದಾದಮೇಲೊಂದು ನಾಟಕ ಆಡುವ ಕಂಪನಿಯಲ್ಲಿ. ವಾರಕ್ಕೊಂದು ನಾಟಕವೆಂಬ ಆ ಕಾಲದ ಪದ್ಧತಿಯಲ್ಲಿ ಹಗಲು ಮುಂದಿನ ನಾಟಕದ ತಾಲೀಮು, ರಾತ್ರಿ ಈ ವಾರದ ಪ್ರದರ್ಶನ. ಪಾತ್ರವನ್ನು ಕೂತು ಧ್ಯಾನಿಸಲು ಸಮಯವೆಲ್ಲಿ? ಒಂದು ಟೋಪಿ, ಒಂದು ನಡಿಗೆ, ಒಂದು ದನಿ ಹಿಡಿದು ಬೇಗ ಮನುಷ್ಯನನ್ನು ನಿಲ್ಲಿಸಬೇಕು. ಲೋ ಅವರ ಕೈಚಳಕದ ಬೇರು ಅಲ್ಲಿದೆ ಎಂದು ನನಗನ್ನಿಸುತ್ತದೆ. 1949ರ ‘ಕೈಂಡ್ ಹಾರ್ಟ್ಸ್ ಅಂಡ್ ಕೊರೊನೆಟ್ಸ್’ ಚಿತ್ರದ ಕೊನೆಯಲ್ಲಿ ಪತ್ರಕರ್ತನಾಗಿ ಅವರು ಬಂದುಹೋಗುವುದು ಕೆಲವೇ ಕ್ಷಣ, ಆದರೂ ಆ ಮುಖ ನೆನಪಿನಲ್ಲಿ ಉಳಿಯುತ್ತದೆ. 1960ರಿಂದ ‘ಕೊರೊನೇಷನ್ ಸ್ಟ್ರೀಟ್’ನ ಲೆನರ್ಡ್ ಸ್ವಿಂಡ್ಲಿಯಾಗಿ ಮನೆಮಾತಾದರು.

ಅದು ಬೇರೆ ವಾಹಿನಿಯ ಧಾರಾವಾಹಿ. ‘ಡ್ಯಾಡ್ಸ್ ಆರ್ಮಿ’ಗೆ ಲೋ ಹೆಸರು ಬಂದಾಗ, ಇವರು ನಮ್ಮಲ್ಲಿ ಕೆಲಸ ಮಾಡುವವರಲ್ಲವಲ್ಲ ಎಂದು ಬಿಬಿಸಿಯೊಳಗೆ ಹಿಂಜರಿಕೆ ಇತ್ತು. ಜಿಮ್ಮಿ ಪೆರಿ ಮತ್ತು ಡೇವಿಡ್ ಕ್ರಾಫ್ಟ್ ಬರೆದ ಈ ಕಥೆಯಲ್ಲಿ ಒಂದು ಚಂದದ ತಿರುವುಮುರುವು ಇದೆ. ಬ್ಯಾಂಕ್ ಮ್ಯಾನೇಜರ್ ಮ್ಯಾನರಿಂಗ್ ಗ್ರಾಮರ್ ಸ್ಕೂಲಿನಲ್ಲಿ ಓದಿ ಕಷ್ಟಪಟ್ಟು ಮೇಲೆ ಬಂದವನು, ಅವನೇ ಕ್ಯಾಪ್ಟನ್. ಅವನ ಕೈಕೆಳಗಿನ ಗುಮಾಸ್ತ ವಿಲ್ಸನ್ ದೊಡ್ಡ ಮನೆತನದವನು, ಪಬ್ಲಿಕ್ ಸ್ಕೂಲಿನವನು (ಇಂಗ್ಲೆಂಡಿನಲ್ಲಿ ಅದು ಸಿರಿವಂತರ ಖಾಸಗಿ ಶಾಲೆ), ಆದರೂ ಅವನು ಕೆಳಗಿನ ದರ್ಜೆಯ ಸಾರ್ಜೆಂಟ್. ಆ ಪಾತ್ರ ಮಾಡಿದ ಜಾನ್ ಲ ಮೆಶರರ್ ಬಾಗಿಲಿಗೆ ಒರಗಿ ನಿಂತರೆ ಸಾಕು, ಲೋ ಮುಖ ಬಿಗಿಯುತ್ತದೆ. ದನಿ ಇಲ್ಲದೆ ನೋಡಿದರೆ ಇದು ಇನ್ನೂ ಸ್ಪಷ್ಟ. ತುಟಿ ಒಳಗೆ ಸೇರುತ್ತದೆ, ಕೆನ್ನೆ ಉಬ್ಬುತ್ತದೆ, ಕಣ್ಣು ಮಾತ್ರ ನಿಧಾನಕ್ಕೆ ಪಕ್ಕಕ್ಕೆ ತಿರುಗುತ್ತದೆ. ತಲೆ ಮೊದಲು ತಿರುಗಿಸಿದ್ದರೆ ಅದು ಬರೀ ಕೋಪವಾಗುತ್ತಿತ್ತು. ಕಣ್ಣು ಮೊದಲು, ತಲೆ ಆಮೇಲೆ ತಿರುಗುವುದರಿಂದ ಅವಮಾನವನ್ನು ನುಂಗಿಕೊಳ್ಳುವುದೂ ಕಾಣುತ್ತದೆ.

ಇನ್ನು ಆ ಪ್ರಸಿದ್ಧ ದೃಶ್ಯ. ಸೆರೆಸಿಕ್ಕ ಜರ್ಮನ್ ಜಲಾಂತರ್ನೌಕೆಯ ಕ್ಯಾಪ್ಟನ್, ಅಂದರೆ ನಟ ಫಿಲಿಪ್ ಮೇಡಕ್, ತನ್ನನ್ನು ಕೆಣಕಿದವರ ಹೆಸರು ಬರೆದುಕೊಳ್ಳುತ್ತಿದ್ದಾನೆ. ಯುದ್ಧ ಗೆದ್ದ ಮೇಲೆ ಲೆಕ್ಕ ಚುಕ್ತಾ ಮಾಡುತ್ತಾನಂತೆ. ಮ್ಯಾನರಿಂಗ್ ಪಡೆಯ ಹುಡುಗ ಪೈಕ್ ಹಿಟ್ಲರನನ್ನು ಹಂಗಿಸುವ ಹಾಡು ಹಾಡುತ್ತಾನೆ. ನಿನ್ನ ಹೆಸರೇನು ಎಂದು ಜರ್ಮನ್ ಕೇಳಿದ ಕೂಡಲೇ ಮ್ಯಾನರಿಂಗ್, “ಅವನಿಗೆ ಹೇಳಬೇಡ, ಪೈಕ್!”

ಹವ್ಯಾಸಿ ತಂಡಗಳು ಇದನ್ನು ಆಡುವಾಗ ಕೆಡುವುದು ಎರಡು ಕಡೆ. ಒಂದು, ಹೆಸರಿಗೆ ಮುಂಚೆ ತಡೆಯುವುದು. ತಡೆದರೆ ಪ್ರೇಕ್ಷಕರು ಮೊದಲೇ ಊಹಿಸಿಬಿಡುತ್ತಾರೆ. ಎರಡು, ಹೆಸರಿನ ಮೇಲೆ ಒತ್ತು ಹಾಕುವುದು. ಒತ್ತು ಬಿದ್ದರೆ ಆಡುವವನಿಗೇ ಇದು ಜೋಕೆಂದು ಗೊತ್ತಿದೆ ಎಂದಾಯಿತು. ಲೋ ಒತ್ತುವುದು ‘ಹೇಳಬೇಡ’ ಎಂಬುದರ ಮೇಲೆ. ಹೆಸರು ಅಭ್ಯಾಸಬಲದಿಂದ, ಆಜ್ಞೆಯ ಬಾಲವಾಗಿ ಹೊರಬೀಳುತ್ತದೆ. ತನ್ನ ಹುಡುಗನನ್ನು ಕಾಪಾಡುವ ಆತುರ ಅಲ್ಲಿ ನಿಜವಾದದ್ದು. ಆಮೇಲೆ ಏಳುವ ನಗುವಿನ ಅಲೆಗೆ ಅವರ ಮುಖ ಒಂದಿಷ್ಟೂ ಸಡಿಲವಾಗುವುದಿಲ್ಲ.

ಲೋ ಅವರ ಮೌನಗಳಲ್ಲಿ ಕೆಲವು ಮಾತು ಮರೆತದ್ದರಿಂದ ಹುಟ್ಟಿದವು. ಅವರು ಸ್ಕ್ರಿಪ್ಟನ್ನು ಮನೆಗೆ ಒಯ್ಯುತ್ತಿರಲಿಲ್ಲ, ಸಾಲು ಕಲಿಯುವುದರಲ್ಲಿ ಸೋಮಾರಿ ಎಂಬುದು ತಂಡಕ್ಕೆಲ್ಲ ಗೊತ್ತಿತ್ತು. ಸ್ಟುಡಿಯೋದಲ್ಲಿ ಪ್ರೇಕ್ಷಕರ ಮುಂದೆಯೇ ರೆಕಾರ್ಡಿಂಗ್. ಮುಂದಿನ ಸಾಲು ಹುಡುಕುತ್ತ ಒಂದು ಕ್ಷಣ ದಿಟ್ಟಿಸಿದರೆ, ಅದು ಏನು ಹೇಳಲಿ ಎಂದು ಯೋಚಿಸುವ ಗಂಭೀರ ಮ್ಯಾನೇಜರನ ನೋಟವೇ ಆಗಿಬಿಡುತ್ತಿತ್ತು. ಇದನ್ನು ನಕಲು ಮಾಡಹೋಗಬಾರದು. ಎದುರಿಗಿದ್ದ ಲ ಮೆಶರರ್, ಕ್ಲೈವ್ ಡನ್ ಅವರಂಥ ಪಳಗಿದ ನಟರು ಆ ಮೌನವನ್ನು ಹೊತ್ತುಕೊಂಡದ್ದರಿಂದಲೇ ಅದು ಉಳಿಯಿತು.

ಇದೇ ಕಂತಿನಲ್ಲಿ ಜರ್ಮನ್ನರು ಸೊಂಟಪಟ್ಟಿಯೊಳಗೆ ಗ್ರೆನೇಡ್ ತುರುಕುವ ಪ್ರಸಂಗ ಮೊದಲು ಮ್ಯಾನರಿಂಗ್‌ಗೇ ಬರೆದದ್ದು. ಲೋ ಒಪ್ಪಲಿಲ್ಲ, ಅದು ಡನ್ ಆಡಿದ, ಪಡೆಯ ಮುದುಕ ಜೋನ್ಸ್ ಪಾಲಾಯಿತು. ಸ್ವಪ್ರತಿಷ್ಠೆ ಎಂದು ಬೈದವರಿದ್ದಾರೆ. ನನ್ನ ಮಟ್ಟಿಗೆ ಲೋ ಮಾಡಿದ್ದೇ ಸರಿ. ಪ್ಯಾಂಟಿನೊಳಗೆ ಗ್ರೆನೇಡ್ ಹೋದ ಮ್ಯಾನರಿಂಗ್ ಕೋಡಂಗಿಯಾಗುತ್ತಾನೆ. ಜೋನ್ಸ್‌ನ ಪಕ್ಕದಲ್ಲಿ ಅಧಿಕಾರ ಬಿಟ್ಟುಕೊಡದೆ ನಡೆಯುವ ಮ್ಯಾನರಿಂಗ್ ಮ್ಯಾನರಿಂಗ್ ಆಗಿಯೇ ಉಳಿಯುತ್ತಾನೆ.

ಈ ಕಂತು ಪ್ರಸಾರವಾದದ್ದು 1973ರ ಅಕ್ಟೋಬರ್ 31ರಂದು. ಅದೇ ವರ್ಷ ತೆರೆಕಂಡ ಲಿಂಡ್ಸೆ ಆಂಡರ್ಸನ್ ಅವರ ‘ಓ ಲಕಿ ಮ್ಯಾನ್!’ ಚಿತ್ರದ ಮೂರು ಪಾತ್ರಗಳಿಗಾಗಿ ಲೋ ಬ್ರಿಟನ್ನಿನ ಬಾಫ್ಟಾ ಚಿತ್ರಪ್ರಶಸ್ತಿಗಳಲ್ಲಿ ಪೋಷಕ ನಟ ಪ್ರಶಸ್ತಿ ಪಡೆದರು. ಅವುಗಳಲ್ಲಿ ಒಂದನ್ನು ಮುಖಕ್ಕೆ ಕಪ್ಪು ಬಳಿದು ಆಡಿದ್ದು, ಈಗ ನೋಡಲು ಸಂಕಟವಾಗುತ್ತದೆ. ಉಳಿದೆರಡರ ಹಿಡಿತ ಗಟ್ಟಿಯಾದದ್ದು.

‘ಡ್ಯಾಡ್ಸ್ ಆರ್ಮಿ’ಯದು 1968ರಿಂದ 1977ರವರೆಗೆ ಒಟ್ಟು 80 ಕಂತು, ಎರಡನೇ ಸರಣಿಯ 3 ಕಂತಿನ ಮುದ್ರಿಕೆ ಕಳೆದುಹೋಗಿ ಇನ್ನೂ ಸಿಕ್ಕಿಲ್ಲ. 1982ರ ಏಪ್ರಿಲ್ 14ರಂದು ಲೋ ಮಧ್ಯಾಹ್ನ ಟಿವಿಯಲ್ಲಿ ನೇರ ಸಂದರ್ಶನ ಕೊಟ್ಟು, ಸಂಜೆ ‘ಹೋಮ್ ಅಟ್ ಸೆವೆನ್’ ನಾಟಕಕ್ಕೆಂದು ಬರ್ಮಿಂಗ್‌ಹ್ಯಾಮ್‌ನ ಅಲೆಕ್ಸಾಂಡ್ರಾ ಥಿಯೇಟರಿಗೆ ಹೋದರು. ಬಣ್ಣದ ಕೋಣೆಯಲ್ಲೇ ಪಾರ್ಶ್ವವಾಯು ಬಡಿಯಿತು, ಮರುದಿನ ಬೆಳಗಿನ ಜಾವ ತೀರಿಕೊಂಡರು. ವಯಸ್ಸು 66.

ಹೊಸದಾಗಿ ನೋಡುವವರು ‘ದ ಡೆಡ್ಲಿ ಅಟ್ಯಾಚ್‌ಮೆಂಟ್’ ಆದಮೇಲೆ 1975ರ ಕ್ರಿಸ್‌ಮಸ್ ಕಂತು ‘ಮೈ ಬ್ರದರ್ ಅಂಡ್ ಐ’ ಹಾಕಿ. ಅಲ್ಲಿ ಲೋ ಮ್ಯಾನರಿಂಗ್ ಜೊತೆಗೆ ಅವನ ಕುಡುಕ ಅಣ್ಣ ಬ್ಯಾರಿಯೂ ಆಗಿದ್ದಾರೆ. ಒಂದೇ ದೇಹದಲ್ಲಿ ಒಬ್ಬನ ಬೆನ್ನು ಹೇಗೆ ಬಿಗಿದಿದೆ, ಇನ್ನೊಬ್ಬನದು ಹೇಗೆ ಸಡಿಲವಾಗಿದೆ ಎಂದು ಮೊದಲ ಸಲ ದನಿ ತೆಗೆದೇ ನೋಡಿ, ಮಾತು ಎರಡನೇ ಸಲ ಕೇಳಿಸಿಕೊಳ್ಳಬಹುದು.