ಕತ್ತಲೆಯ ಫೋಟೋದಲ್ಲಿ 40 ಎಲೆಕ್ಟ್ರಾನ್

ಯುಗಾದಿ ರಜೆಗೆ ವಿಜಯಪುರ ಜಿಲ್ಲೆಯ ತಿಕೋಟಾ ಹತ್ತಿರದ ನಮ್ಮೂರಿಗೆ ಬಂದಾಗಲೂ ತಲೆಯಲ್ಲಿ ಒಂದು ಗ್ರಾಫು ಕೂತಿತ್ತು. ಇಳಿಯಬೇಕಿದ್ದ ಗೆರೆ ಅರ್ಧ ದಾರಿಯಲ್ಲಿ ಮಲಗಿಬಿಟ್ಟಿತ್ತು.

ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಉಪಗ್ರಹದ ಕ್ಯಾಮೆರಾಗಳಿಗೆ ಹಾಕುವ ಡಿಟೆಕ್ಟರ್ ಚಿಪ್ಪುಗಳನ್ನು ಪರೀಕ್ಷೆ ಮಾಡುತ್ತೇನೆ. ಆಗ ಸೇರಿ ಏಳು ತಿಂಗಳಾಗಿತ್ತು. ಊರಲ್ಲಿ ಯಾರಾದರೂ ಕೇಳಿದರೆ ಅವ್ವ 'ರಾಕೆಟ್ ಕೆಲ್ಸ' ಎಂದು ಮಾತು ಮುಗಿಸುತ್ತಾಳೆ. ರಾಕೆಟ್ಟನ್ನು ನಾನೂ ಟಿವಿಯಲ್ಲೇ ನೋಡಿದ್ದು. ದಿನವಿಡೀ ಮಾಡುವುದು ಕತ್ತಲೆಯ ಫೋಟೋ ತೆಗೆಯುವ ಕೆಲಸ.

ಹಾಸ್ಯಕ್ಕೆ ಹೇಳುತ್ತಿಲ್ಲ. ಸಿಲಿಕಾನ್ ಚಿಪ್ಪಿನ ಮೇಲೆ ಬೆಳಕು ಬಿದ್ದರೆ ಎಲೆಕ್ಟ್ರಾನ್ ಹುಟ್ಟುತ್ತದೆ, ಅದನ್ನು ಎಣಿಸಿದರೆ ಚಿತ್ರ. ಆದರೆ ಬೆಳಕೇ ಇಲ್ಲದಿದ್ದರೂ ಚಿಪ್ಪಿನ ಕಾವಿಗೇ ಒಂದಷ್ಟು ಎಲೆಕ್ಟ್ರಾನ್ ಹುಟ್ಟುತ್ತವೆ. ಇದಕ್ಕೆ ಡಾರ್ಕ್ ಕರೆಂಟ್ ಅನ್ನುತ್ತಾರೆ. ಆರೇಳು ಡಿಗ್ರಿ ತಂಪು ಮಾಡಿದರೆ ಅದು ಸುಮಾರು ಅರ್ಧವಾಗುತ್ತದೆ. ಹಾಗಾಗಿ ಚಿಪ್ಪನ್ನು ನಿರ್ವಾತದ ಡಬ್ಬಿಯಲ್ಲಿಟ್ಟು ಮೈನಸ್ 100 ಡಿಗ್ರಿವರೆಗೆ ಇಳಿಸುತ್ತೇವೆ. ಗಾಳಿ ಉಳಿದರೆ ಅದರಲ್ಲಿನ ತೇವವೆಲ್ಲ ಚಿಪ್ಪಿನ ಮೇಲೆ ಹಿಮವಾಗಿ ಕೂರುತ್ತದೆ, ಅದಕ್ಕೇ ನಿರ್ವಾತ. ಆಮೇಲೆ ಹತ್ತು ನಿಮಿಷ ಕತ್ತಲಲ್ಲಿ ಸುಮ್ನೆ ಬಿಟ್ಟು ಎಣಿಸುವುದು.

ಇಷ್ಟು ಹಠ ಯಾಕೆ ಅಂದರೆ, ಮೇಲೆ ಹೋದ ಮೇಲೆ ನೋಡಬೇಕಾದ ವಸ್ತುಗಳೇ ಅಷ್ಟು ಮಂಕು. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ಸೂರ್ಯನ ಕರೋನಾ, ಅಂದರೆ ಅದರ ಹೊರ ವಾತಾವರಣ ನೋಡುತ್ತದಲ್ಲ, ಆ ಕರೋನಾ ಸೂರ್ಯನ ಮುಖಕ್ಕಿಂತ ಹತ್ತು ಲಕ್ಷ ಪಟ್ಟು ಮಂದ. ದಾರಿ ತಪ್ಪಿ ಬಂದ ಚೂರು ಬೆಳಕು ಸಾಕು, ಎಲ್ಲ ಕೆಡುತ್ತದೆ. ಯುರೋಪಿನವರ ಗಾಯಾ ದೂರದರ್ಶಕ 2013ರಲ್ಲಿ ಬಾಹ್ಯಾಕಾಶಕ್ಕೆ ಹೋಯಿತು. ಬೆಳಕು ಹಿಡಿಯುವ 106 ಸಿಸಿಡಿ ಚಿಪ್ಪುಗಳಿದ್ದ ಆ ಯಂತ್ರಕ್ಕೂ ಅಂದುಕೊಂಡಿದ್ದಕ್ಕಿಂತ ಜಾಸ್ತಿ ಬೆಳಕು ನುಗ್ಗುತ್ತಿತ್ತು. ಬಿಸಿಲು ತಡೆಯಲೆಂದೇ ಬಿಚ್ಚಿದ ಕೊಡೆಯ ಅಂಚಿನಲ್ಲಿ ನೂಲಿನ ಎಳೆಗಳು ಚಾಚಿಕೊಂಡಿದ್ದವಂತೆ. ಅವುಗಳ ಮೇಲೆ ಬಿದ್ದ ಬಿಸಿಲು ಚದುರಿ ಒಳಗೆ ಬರುತ್ತಿತ್ತು.

ನನ್ನ ಚಿಪ್ಪಿನ ಕಥೆಗೆ ಬರೋಣ. ಮೈನಸ್ 50ರವರೆಗೆ ಡಾರ್ಕ್ ಕರೆಂಟಿನ ಗೆರೆ ಪುಸ್ತಕದಲ್ಲಿದ್ದ ಹಾಗೇ ಇಳಿಯಿತು. ಆಮೇಲೆ ಇಳಿಯಲೇ ಇಲ್ಲ. ಮೈನಸ್ 100ರಲ್ಲಿ ಹತ್ತು ನಿಮಿಷಕ್ಕೆ ಪಿಕ್ಸೆಲ್ಲಿಗೆ ಒಂದೆರಡು ಎಲೆಕ್ಟ್ರಾನ್ ಬರಬೇಕಿತ್ತು, 40 ಬರುತ್ತಿತ್ತು. ಬೆಳಕು ಸೋರುತ್ತಿದೆಯೇನೋ ಎಂದು ಡಬ್ಬಿಗೆ ಕಪ್ಪು ಬಟ್ಟೆ ಸುತ್ತಿದೆ. ಸಂದುಗಳಿಗೆ ಅಲ್ಯೂಮಿನಿಯಂ ಟೇಪು ಹಚ್ಚಿದೆ. ರಾತ್ರಿ ಲ್ಯಾಬಿನ ದೀಪವೆಲ್ಲ ಆರಿಸಿ, ಮಾನಿಟರ್ ಕೂಡ ಬಂದ್ ಮಾಡಿ ಅಳೆದೆ. ಆಗಲೂ 40. ಅಲ್ಲಿಗೆ ಬೆಳಕಲ್ಲ ಅಂತ ತೀರ್ಮಾನಿಸಿದೆ. ಚಿಪ್ಪಿನಲ್ಲೇ ದೋಷವಿದೆ ಎಂದು ರಿಪೋರ್ಟು ಬರೆದು, ಮೀಟಿಂಗಿನಲ್ಲಿ ಧೈರ್ಯವಾಗಿ ತೋರಿಸಿ, ರೈಲು ಹತ್ತಿದೆ. ಧೈರ್ಯವೇನೋ ಇತ್ತು, ನಿದ್ದೆ ಮಾತ್ರ ಬರಲಿಲ್ಲ.

ಊರಲ್ಲಿ ದ್ರಾಕ್ಷಿ ಒಣಗಿಸುವ ಗಡಿಬಿಡಿ. ಒಣಗಿದ ಮಣೂಕ ತುಂಬಿಡುವ ಪತ್ರಾ ಖೋಲಿ, ಅಂದರೆ ತಗಡಿನ ಕೋಣೆ, ಹೋದ ವರ್ಷ ಅಡ್ಡಮಳೆಗೆ ಸೋರಿತ್ತು. ಅಪ್ಪ ನಡು ಮಧ್ಯಾಹ್ನ ಒಂದು ಸೀಮೆಸುಣ್ಣ ಹಿಡಿದು ಆ ಖೋಲಿಗೆ ಹೊರಟರು. ನಾನು ಏಣಿ ತರಲು ಹೋದೆ.

"ಏಣಿ ಯಾಕವ್ವಾ? ಮ್ಯಾಲ ನಿಂತು ನೋಡಿದ್ರ ತೂತು ಕಾಣತಾವೇನು? ಒಳಗ ಬಾ, ಬಾಗಲಾ ಹಾಕು."

ಬಾಗಿಲು ಹಾಕಿದ ಮೇಲೆ ಒಂದೆರಡು ನಿಮಿಷ ಏನೂ ಕಾಣಲಿಲ್ಲ. ಒಳಗೆ ಕುಲುಮೆಯಂಥ ಸೆಕೆ. ಕಣ್ಣು ಹೊಂದಿಕೊಂಡ ಮೇಲೆ ನೆಲದ ಮೇಲೆ ಒಂದೊಂದೇ ದುಂಡು ಬೆಳಕಿನ ಬಿಲ್ಲೆಗಳು ಎದ್ದವು. ಹನ್ನೊಂದು. ಹೆಚ್ಚಿನವು ಸ್ಕ್ರೂ ಹೊಡೆದ ಜಾಗದವು. ತೂತು ಓರೆಕೋರೆ ಇದ್ದರೂ ಬಿಲ್ಲೆ ಮಾತ್ರ ದುಂಡಗೆ, ಯಾಕಂದರೆ ಅದು ತೂತಿನ ಆಕಾರವಲ್ಲ, ಸೂರ್ಯನದೇ ಚಿತ್ರ. ಅಪ್ಪ ಬಿಲ್ಲೆ ಇದ್ದಲ್ಲಿ ಅಂಗೈ ಹಿಡಿದು, ಬೆಳಕಿನ ಕೋಲಿನ ಗುಂಟ ಕಣ್ಣು ಮೇಲೆತ್ತಿ, ಕೋಲಿಗೆ ಕಟ್ಟಿದ ಸೀಮೆಸುಣ್ಣದಿಂದ ತಗಡಿಗೆ ಗುರುತು ಹಾಕುತ್ತಾ ಹೋದರು.

ನಾನು ಅಲ್ಲೇ ಚೀಲದ ಮೇಲೆ ಕೂತುಬಿಟ್ಟೆ. ನನ್ನ ಚಿಪ್ಪಿನಲ್ಲಿ 2048 ಅಡ್ಡ, 2048 ಉದ್ದ, ಅಂದರೆ ಸುಮಾರು 42 ಲಕ್ಷ ಪಿಕ್ಸೆಲ್ಲುಗಳಿವೆ. ನಾನು ಪ್ರತಿ ಸಲವೂ ಅಷ್ಟನ್ನೂ ಕೂಡಿ ಸರಾಸರಿ ತೆಗೆದು 40 ಅನ್ನುವ ಒಂದು ಅಂಕಿ ಬರೆದುಕೊಂಡಿದ್ದೆ. ಅದು ಕ್ಯಾಮೆರಾ ಮಾರಾಯ್ರೆ! ಅದು ತೆಗೆದ ಚಿತ್ರವನ್ನು ನಾನು ಒಂದು ಸಲವೂ ಬಿಡಿಸಿ ನೋಡಿರಲಿಲ್ಲ.

ಬೆಂಗಳೂರಿಗೆ ಹೋದ ದಿನವೇ ಹಳೆಯ ಫ್ರೇಮು ತೆಗೆದು, ಸ್ಕ್ರೀನಿನಲ್ಲಿ ಕಪ್ಪು ಬಿಳುಪಿನ ವ್ಯತ್ಯಾಸ ಎಳೆದು ಜಾಸ್ತಿ ಮಾಡಿದೆ. ಎಡ ಮೇಲಿನ ಮೂಲೆ ಬೆಳ್ಳಗೆ, ಅಲ್ಲಿಂದ ಕೆಳಗೆ ಬರುಬರುತ್ತಾ ಮಂಕು. ನಡುವೆ ಒಂದು ನೇರ ಗೆರೆಯ ನೆರಳು, ಚಿಪ್ಪು ಕೂರಿಸಿದ ಬ್ರ್ಯಾಕೆಟ್ಟಿನದು. ಚಿಪ್ಪಿನ ಕಾವಿಗೆ ನೆರಳು ಎಲ್ಲಿಂದ ಬರಬೇಕು? ಬೆಳಕೇ ಅದು. ಆದರೆ ಆ ದಿಕ್ಕಿನಲ್ಲಿ ಕಿಟಕಿಯಿಲ್ಲ, ಸಂದಿಲ್ಲ. ಇದ್ದದ್ದು ನಿರ್ವಾತ ಅಳೆಯುವ ಗೇಜು ಒಂದೇ.

ಅದು ಬಿಸಿ ತಂತಿಯ ಗೇಜು. ಒಳಗೆ ಬಲ್ಬಿನ ಹಾಗೆ ಕಾದು ಹೊಳೆಯುವ ಫಿಲಮೆಂಟು ಇರುತ್ತದೆ. ನಮ್ಮ ಕಣ್ಣು 700 ನ್ಯಾನೋಮೀಟರಿನ ಆಚೆಗೆ ಹೆಚ್ಚು ಕಾಣುವುದಿಲ್ಲ, ಸಿಲಿಕಾನ್ ಮಾತ್ರ ಸುಮಾರು 1100ರವರೆಗೂ ಕಾಣುತ್ತದೆ. ಆ ಫಿಲಮೆಂಟಿನ ಬೆಳಕು ಒಳಗೋಡೆಗೆ ತಾಗಿ ತಾಗಿ ಚಿಪ್ಪಿಗೆ ಬರುತ್ತಿತ್ತು. ಚಿಪ್ಪಿನ ಕಾವು ಜಾಸ್ತಿ ಇರುವತನಕ ಅದು ಲೆಕ್ಕಕ್ಕೇ ಇರಲಿಲ್ಲ. ಕಾವು ಇಳಿದ ಮೇಲೆ ಉಳಿದದ್ದೇ ಅದು. ಹೊರಗೆ ಎಷ್ಟು ಬಟ್ಟೆ ಸುತ್ತಿದರೇನು? ಗೇಜಿನ ಸ್ವಿಚ್ ಆರಿಸಿ ಮತ್ತೆ ಹತ್ತು ನಿಮಿಷ ಕಾದೆ. ಎರಡಕ್ಕಿಂತ ಕಡಿಮೆ ಬಂತು.

ಮಜಾ ಇನ್ನೂ ಇದೆ. ಪಂಪು ನೋಡಿಕೊಳ್ಳುವ ಹಿರಿಯ ಟೆಕ್ನಿಷಿಯನ್‌ಗೆ ಓಡಿ ಹೋಗಿ ಹೇಳಿದೆ. ಅವರು ಟೀ ಕುಡಿಯುತ್ತಾ, "ಹೌದು ಮೇಡಂ, ಅದು ಉರಿಯುತ್ತಲ್ಲ. ಹಿಂದಿನವರು ಆಫ್ ಮಾಡ್ತಿದ್ರು. ನೀವು ಕೇಳಲಿಲ್ಲ" ಅಂದರು. ಮೂರು ವಾರ ನಾನು ಅವರ ಪಕ್ಕದ ಬೆಂಚಿನಲ್ಲೇ ಕೂತು ಟೇಪು ಹಚ್ಚುತ್ತಿದ್ದೆ. ಅವರು ನಾನು ಏನು ಹುಡುಕುತ್ತಿದ್ದೇನೆ ಅಂತ ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ, ಹೇಳಿದರೆ ಇವಳಿಗೆ ಕೆಲಸ ಬರುವುದಿಲ್ಲ ಅಂದುಕೊಂಡಾರು ಎಂಬ ಬಿಗುಮಾನ.

ರಿಪೋರ್ಟು ವಾಪಸ್ ತೆಗೆದುಕೊಂಡೆ. ಮುಖ ಕೆಂಪಾಯಿತು, ಯಾರೂ ಬೈಯಲಿಲ್ಲ. ಈಗ ನಮ್ಮ ಪರೀಕ್ಷೆಯ ಹಾಳೆಯಲ್ಲಿ ಡಾರ್ಕ್ ತೆಗೆಯುವ ಸಾಲಿನ ಮೇಲೆ 'ಗೇಜ್ ಆಫ್' ಎಂಬ ಸಾಲಿದೆ. ಬರೆದದ್ದು ಆ ಟೆಕ್ನಿಷಿಯನ್ ಅವರೇ, ಅವರ ಕೈಬರಹದಲ್ಲೇ ಬಿಟ್ಟಿದ್ದೇನೆ.

ಆ ವಾರ ಅಪ್ಪ ಫೋನಿನಲ್ಲಿ ಕೇಳಿದರು, "ಸಿಕ್ಕಿತೇನವ್ವಾ ನಿನ್ನ ತೂತು?"

"ತೂತು ಇರಲೇ ಇಲ್ಲಪ್ಪಾ. ಒಳಗ ನಾವೇ ದೀಪಾ ಹಚ್ಚಿಟ್ಟಿದ್ವಿ."

ಅಪ್ಪ ಬಹಳ ಹೊತ್ತು ನಕ್ಕರು. ಆಮೇಲೆ ದನಿ ಇಳಿಸಿ, "ನಿನ್ನೆ ನಾಕ ಹನಿ ಮಳಿ ಬಂತು. ಎರಡು ಕಡೆ ಇನ್ನೂ ಸೋರಾಕತ್ತೈತಿ" ಅಂದರು.