ಗೋಲಿ ಚಕ್ರ: 82 ಸೆಕೆಂಡಿಗೆ ನಿಂತಿತು

ವಾರ 1

ಅಕ್ಕನ ಮಗ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದ. ನೆಟ್ಟಗೆ ನಿಲ್ಲಿಸಿದ ಚಕ್ರ, ಅದರ ಗೂಡುಗಳಲ್ಲಿ ಗೋಲಿಗಳು. ಬೆರಳಿನಿಂದ ಒಮ್ಮೆ ತಳ್ಳಿದರೆ ತಿರುಗುತ್ತಲೇ ಇರುತ್ತದೆ. ಕರೆಂಟೂ ಇಲ್ಲ, ಬ್ಯಾಟರಿಯೂ ಇಲ್ಲವಂತೆ.

"ಸುಳ್ಳು ಕಣೋ ಇದು" ಎಂದೆ.

"ಮಾಮ, ನೀನು ಮಾಡಿ ನೋಡಿದ್ದೀಯಾ?"

ನೋಡಿರಲಿಲ್ಲ. ಅದಕ್ಕೇ ಈ ಕೆಲಸ ಶುರುವಾಯಿತು.

ಉಪಾಯವೇನೋ ಹಳೆಯದು. ಇಳಿಯುವ ಕಡೆ ಗೋಲಿ ಅಂಚಿಗೆ ಉರುಳುತ್ತದೆ, ಏರುವ ಕಡೆ ನಡುವಿಗೆ ಸರಿಯುತ್ತದೆ. ಹಾಗಾಗಿ ಒಂದು ಕಡೆಯ ಜಗ್ಗು ಯಾವಾಗಲೂ ಜಾಸ್ತಿ, ಚಕ್ರ ನಿಲ್ಲಬಾರದು. 1150ರಲ್ಲಿ ಭಾಸ್ಕರಾಚಾರ್ಯರು 'ಸಿದ್ಧಾಂತ ಶಿರೋಮಣಿ'ಯಲ್ಲಿ ಹೇಳಿದ ಚಕ್ರವೂ ಇದೇ ಬಗೆಯದು. ಅವರು ಗೋಲಿಯ ಬದಲು ಟೊಳ್ಳು ಅರಗಳಲ್ಲಿ ಅರ್ಧ ಪಾದರಸ ತುಂಬಿಸುತ್ತಾರೆ. ಪಾದರಸದ ತಂಟೆ ನನಗೆ ಬೇಡ. ಗೋಲಿಯೇ ಸಾಕು.

ವಾರ 2

6 ಮಿ.ಮೀ. ಪ್ಲೈವುಡ್‌ನಲ್ಲಿ 40 ಸೆಂ.ಮೀ. ಅಗಲದ ಚಕ್ರ ಕೊಯ್ದೆ. ಓರೆ ಪಟ್ಟಿಗಳನ್ನು ಅಂಟಿಸಿ 12 ಗೂಡು ಮಾಡಿದೆ. ಒಂದೊಂದಕ್ಕೂ 5 ಗ್ರಾಂ ತೂಗುವ ಗಾಜಿನ ಗೋಲಿ. ನಡುವೆ ಸ್ಕೇಟ್ ಬೋರ್ಡಿನ 608 ಬೇರಿಂಗ್. ಅದರೊಳಗಿನ ಗ್ರೀಸನ್ನು ಪೆಟ್ರೋಲಿನಲ್ಲಿ ತೊಳೆದು, ಒಂದೇ ಒಂದು ತೊಟ್ಟು ತೆಳು ಎಣ್ಣೆ ಬಿಟ್ಟೆ. ಗ್ರೀಸ್ ಇದ್ದಾಗಿನದಕ್ಕಿಂತ ಎಷ್ಟು ಹಗುರವಾಗಿ ತಿರುಗಿತು ಅಂದರೆ, ಆ ಸಂಜೆ ಬೇರೆ ಕೆಲಸವೇ ಮಾಡಲಿಲ್ಲ, ಸುಮ್ನೆ ತಿರುಗಿಸುತ್ತಾ ಕೂತಿದ್ದೆ.

ವಾರ 3

ಕೈಯಲ್ಲಿ ತಳ್ಳಿದರೆ ಒಂದೊಂದು ಸಲ ಒಂದೊಂದು ಬಲ. ಅದನ್ನು ನಂಬಿ ಅಳೆಯಲು ಆಗುವುದಿಲ್ಲ. ಆದ್ದರಿಂದ ಚಕ್ರದ ಗುಂಬಕ್ಕೆ, ಅಂದರೆ ನಡುವಿನ ದಪ್ಪ ಭಾಗಕ್ಕೆ, ದಾರ ಸುತ್ತಿ, 200 ಗ್ರಾಂ ತೂಕ ಕಟ್ಟಿ, 50 ಸೆಂ.ಮೀ. ಎತ್ತರದಿಂದ ಇಳಿಯಬಿಟ್ಟೆ. ತೂಕ ನೆಲ ಮುಟ್ಟುವಾಗ ದಾರ ಕಳಚಿಕೊಳ್ಳುತ್ತದೆ. ಲೆಕ್ಕ ಹಾಕಿದರೆ ಪ್ರತಿ ಸಲವೂ ಸುಮಾರು 1 ಜೂಲ್ ಶಕ್ತಿ. ಹೆಚ್ಚಿಲ್ಲ, ಕಡಿಮೆಯಿಲ್ಲ.

ಐದೈದು ಸಲದ ಸರಾಸರಿ ಹೀಗೆ ಬಂತು. ಗೋಲಿ ಇಲ್ಲದ ಖಾಲಿ ಚಕ್ರ 2 ನಿಮಿಷ 40 ಸೆಕೆಂಡ್ ತಿರುಗಿತು. ಗೋಲಿಗಳನ್ನು ಅಂಚಿಗೆ ಅಂಟಿಸಿದಾಗ 2 ನಿಮಿಷ 51. ಅಂಟು ಕೆರೆದು ಗೋಲಿಗಳನ್ನು ಉರುಳಲು ಬಿಟ್ಟೆ: 82 ಸೆಕೆಂಡ್!

ಯಾವ ಗೋಲಿ ಚಕ್ರವನ್ನು ಓಡಿಸಬೇಕಿತ್ತೋ ಅದೇ ಅದನ್ನು ನಿಲ್ಲಿಸಿತ್ತು. ಹೇಗೆ ಅನ್ನುವುದು ಕಿವಿಗೇ ಗೊತ್ತಾಗುತ್ತದೆ. ಮೊದಲಿಗೆ ಚಕ್ರ ಸೆಕೆಂಡಿಗೆ ಎರಡು ಸುತ್ತಿಗಿಂತ ಜಾಸ್ತಿ ಹೊಡೆಯುತ್ತದೆ. ಆಗ ಗೋಲಿಗಳೆಲ್ಲ ಅಂಚಿಗೆ ಕಚ್ಚಿಕೊಂಡಿರುತ್ತವೆ, ಸದ್ದೇ ಇಲ್ಲ. ವೇಗ ಸೆಕೆಂಡಿಗೆ ಒಂದು ಸುತ್ತಿನ ಹತ್ತಿರ ಇಳಿದಾಗ ಮೊದಲ 'ಟಕ್'. ಆಮೇಲೆ ಟಕ್ ಟಕ್ ಟಕ್. ಅಲ್ಲಿಂದ ಮುಂದೆ ಹನ್ನೆರಡೋ ಹದಿಮೂರೋ ಸುತ್ತು, ಅಷ್ಟೇ, ನಿಂತೇಬಿಡುತ್ತದೆ. ಗೋಲಿ ಉರುಳಿ ಬಂದು ಪಟ್ಟಿಗೆ ಬಡಿದಾಗಲೆಲ್ಲ ಚೂರು ಶಕ್ತಿ ಸದ್ದಾಗಿ, ಬಿಸಿಯಾಗಿ ಹೋಗುತ್ತದೆ. ಹೋದದ್ದು ವಾಪಸ್ ಬರುವುದಿಲ್ಲ.

ಹಾಗಾದರೆ ಆ 'ಒಂದು ಕಡೆಯ ಜಗ್ಗು' ಎಲ್ಲಿ ಹೋಯಿತು? ನಿಂತ ಚಕ್ರದ ಫೋಟೊ ತೆಗೆದು ಎಣಿಸಿದೆ. ಬಲಕ್ಕೆ 5 ಗೋಲಿ, ಎಡಕ್ಕೆ 7. ಬಲಗಡೆಯವು ದೂರದಲ್ಲಿವೆ ನಿಜ, ಆದರೆ ಕಡಿಮೆ ಇವೆ. ಗೋಲಿ ದೂರವಿದ್ದಷ್ಟೂ ಅದರ ಜಗ್ಗು ಜಾಸ್ತಿ, ಅದಕ್ಕೇ ಪ್ರತಿ ಗೋಲಿಯೂ ನಡುವಿನಿಂದ ಅಡ್ಡಕ್ಕೆ ಎಷ್ಟು ದೂರ ಎಂದು ಅಳೆದು ಕೂಡಿಸಿದೆ. ಬಲಕ್ಕೆ 61 ಸೆಂ.ಮೀ., ಎಡಕ್ಕೆ 60. ಆ ಒಂದು ಸೆಂ.ಮೀ. ವ್ಯತ್ಯಾಸವನ್ನು ಬೇರಿಂಗಿನ ತಿಕ್ಕಾಟವೇ ನುಂಗಿ ಹಾಕುತ್ತದೆ. ವಿಡಿಯೊಗಳಲ್ಲಿ ದೂರದ ಗೋಲಿಯ ಕಡೆ ಬಾಣ ಹಾಕಿ ತೋರಿಸುತ್ತಾರೆ. ಎರಡೂ ಕಡೆ ಎಷ್ಟಿವೆ ಅಂತ ಎಣಿಸಿ ತೋರಿಸಿದ್ದನ್ನು ನಾನಂತೂ ನೋಡಿಲ್ಲ.

ವಾರ 4

ಇದನ್ನು ಬರೆಯಲು ಸ್ವಲ್ಪ ನಾಚಿಕೆ. ಒಂದು ರಾತ್ರಿ ಅದೇ ಚಕ್ರ, ಅದೇ ಗೋಲಿ, ಅದೇ ದಾರ, 1 ನಿಮಿಷ 47 ಸೆಕೆಂಡ್ ತಿರುಗಿತು. ಮತ್ತೆ ಮಾಡಿದೆ, 1 ನಿಮಿಷ 44. ಎದೆ ಡವಡವ. ಮಾಡಿದ್ದು ಸುಳ್ಳೆಂದು ತೋರಿಸಲು, ಆದರೂ ಒಳಗೊಳಗೇ ನಿಜವಾಗಲಿ ಅಂತ ಆಸೆ ಹುಟ್ಟಿಬಿಟ್ಟಿತ್ತು! ರಾತ್ರಿ ಹನ್ನೊಂದಕ್ಕೆ ಹುಡುಗನಿಗೆ ಫೋನ್ ಮಾಡಿದೆ.

ಬೆಳಗ್ಗೆ ನೋಡಿದರೆ ಮತ್ತೆ 81 ಸೆಕೆಂಡ್. ಸೆಖೆ ಅಂತ ರಾತ್ರಿ ಫ್ಯಾನ್ ಹಾಕಿದ್ದೆ. ನನ್ನ ಓರೆ ಪಟ್ಟಿಗಳು ಗಾಳಿಯಂತ್ರದ ರೆಕ್ಕೆಯ ಹಾಗೆ ಕೆಲಸ ಮಾಡಿವೆ.

ಆಗ ನೆನಪಾಗಿದ್ದು ರೆಡ್‌ಹೆಫರ್ ಕಥೆ. 1813ರಲ್ಲಿ ನ್ಯೂಯಾರ್ಕಿನಲ್ಲಿ ಈತ ತನ್ನ ನಿಲ್ಲದ ಯಂತ್ರವನ್ನು ದುಡ್ಡು ತೆಗೆದುಕೊಂಡು ತೋರಿಸುತ್ತಿದ್ದ. ಉಗಿ ಹಡಗು ಕಟ್ಟಿ ಹೆಸರಾದ ರಾಬರ್ಟ್ ಫುಲ್ಟನ್ ನೋಡಲು ಹೋದರು. ಯಂತ್ರದ ಓಟ ಒಂದೇ ಸಮ ಇಲ್ಲ, ಯಾರೋ ಕೈಯಲ್ಲಿ ಹ್ಯಾಂಡಲ್ ತಿರುಗಿಸುವ ಹಾಗೆ ಏರಿಳಿಯುತ್ತಿದೆ ಅನ್ನಿಸಿತು. ಪಕ್ಕದ ಮರದ ಪಟ್ಟಿ ಕಿತ್ತರೆ ಒಳಗೆ ಕರುಳಿನ ದಾರ. ದಾರ ಹಿಡಿದು ಹೋದರೆ ಅಟ್ಟದಲ್ಲಿ ಒಬ್ಬ ಮುದುಕ ಕೂತು ಹ್ಯಾಂಡಲ್ ತಿರುಗಿಸುತ್ತಿದ್ದ. ನನ್ನ ಅಟ್ಟದ ಮುದುಕ ಫ್ಯಾನ್, ಅಷ್ಟೇ ವ್ಯತ್ಯಾಸ. ಅಲ್ಲಿ ಮೋಸ, ಇಲ್ಲಿ ಪೆದ್ದುತನ.

1775ರಲ್ಲೇ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ಇಂಥ ಯಂತ್ರಗಳನ್ನು ಇನ್ನು ಪರೀಕ್ಷಿಸುವುದಿಲ್ಲ ಎಂದು ತೀರ್ಮಾನಿಸಿತ್ತು. ಮೊದಲು ಓದಿದಾಗ ಜಂಬ ಅನ್ನಿಸಿತ್ತು. ನಾಲ್ಕು ವಾರ ಒಂದೇ ಚಕ್ರದ ಹಿಂದೆ ಬಿದ್ದ ಮೇಲೆ ಅವರ ಸಂಕಟ ಅರ್ಥವಾಗುತ್ತಿದೆ.

ವಾರ 5

ಹುಡುಗ ಬಂದು ನೋಡಿದ. ಗೋಲಿ ಎಣಿಸಿದ, ಒಪ್ಪಿದ. ಆದರೂ "ಆ ವಿಡಿಯೊದಲ್ಲಿ ಒಂದು ದಿನ ಪೂರ್ತಿ ತಿರುಗಿದೆಯಲ್ಲ ಮಾಮ?" ಎಂದ.

ಒಳ್ಳೆ ಪ್ರಶ್ನೆ. ಖಾಲಿ ಚಕ್ರ 1 ಜೂಲನ್ನು 160 ಸೆಕೆಂಡಿನಲ್ಲಿ ತಿಂದಿದೆ. ಅಂದರೆ ಸೆಕೆಂಡಿಗೆ ಸುಮಾರು 6 ಮಿಲಿಜೂಲ್. ನಾಣ್ಯದಷ್ಟು ದೊಡ್ಡ ಸಿಆರ್2032 ಬ್ಯಾಟರಿಯಲ್ಲಿ ಎರಡು ಸಾವಿರ ಜೂಲಿಗೂ ಜಾಸ್ತಿ ಇರುತ್ತದೆ. ಮೋಟಾರಿನಲ್ಲಿ ಅರ್ಧ ಹಾಳಾದರೂ, ಅಷ್ಟು ಪುಟ್ಟ ಬ್ಯಾಟರಿ ಈ ಚಕ್ರವನ್ನು ಒಂದು ದಿನಕ್ಕಿಂತ ಹೆಚ್ಚು ತಿರುಗಿಸಬಲ್ಲದು. ನಡುವಿನ ಗುಂಬದಲ್ಲಿ ಅಡಗಿಸಿದರೆ ಕ್ಯಾಮೆರಾಗೆ ಏನು ಕಾಣುತ್ತದೆ?

ಲೆಕ್ಕ ಕೇಳಿ ಹುಡುಗನ ಕಣ್ಣು ಅರಳಿತು. "ಹಾಗಾದ್ರೆ ನಾವೂ ಒಂದು ಮಾಡೋಣ!"

ಈಗ ಗುಂಬದಲ್ಲಿ ಬ್ಯಾಟರಿಗೆ ಗುಂಡಿ ಕೊರೆದಾಗಿದೆ. ಹಳೆ ಫೋನಿನಿಂದ ಕಿತ್ತ ಪುಟ್ಟ ಮೋಟಾರ್ ಜೋರಾಗಿ ಗುಂಯ್ ಅನ್ನುತ್ತಿದೆ, ಅದನ್ನು ಅಡಗಿಸುವುದು ಹೇಗೆ ಅಂತ ನೋಡಬೇಕು. ಗೋಲಿಗಳನ್ನು ವಾಪಸ್ ಹಾಕುತ್ತೇನೆ. ಟಕ್ ಟಕ್ ಸದ್ದಿನಲ್ಲಿ ಗುಂಯ್ ಮುಚ್ಚಿಹೋಗಬಹುದು.