ಮಾಕುಟ್ಟ ಇಳಿದು ಸಂಪಾಜೆ ಹತ್ತಿದ ಬೇಸಿಗೆ ರಜೆ

ಕೊಡಗಲ್ಲಿ ತೋಟ ಇರೋರ ಮನೇಲಿ ಬೇಸಿಗೆ ಟ್ರಿಪ್ ಪ್ಲಾನ್ ಅಂದ್ರೆ ಮೊದ್ಲು ಕ್ಯಾಲೆಂಡರ್ ನೋಡೋದಲ್ಲ, ಆಕಾಶ ನೋಡೋದು. ಏಪ್ರಿಲ್ ಬಂದ್ರೆ ಮಕ್ಕಳಿಗೇನೋ ರಜೆ ಶುರು, ಆದ್ರೆ ಕಾಫಿ ಹೂ ಬಿಡಿಸೋ ಹೂಮಳೆ ಆಗಿರ್ಬೇಕು, ಆಗದಿದ್ರೆ ರೋಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಿ ಮುಗ್ದಿರ್ಬೇಕು, ಅದಾದ್ಮೇಲೆ ಹೂ ಕಾಯಿ ಕಟ್ಟೋಕೆ ಬೇಕಾದ ಬ್ಯಾಕಿಂಗ್ ಮಳೆಗೆ ಕಾಯ್ಬೇಕು, ಮಧ್ಯದಲ್ಲಿ ಕರಿಮೆಣಸು ಕುಯ್ದು ಒಣಗ್ಸಿ ಚೀಲಕ್ಕೆ ತುಂಬ್ಬೇಕು, ಇದೆಲ್ಲ ಸರಿಹೋಯ್ತು ಅನ್ನೋಷ್ಟರಲ್ಲಿ ಪ್ರತಿ ಭಾನುವಾರ ಯಾರದ್ದಾದ್ರೂ ಮದ್ವೆ. ಆ ಕಡೆ ಸಮುದ್ರದ್ದೂ ಅದರದ್ದೇ ಒಂದು ಲೆಕ್ಕ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳೀಲಿ ಯಾಂತ್ರಿಕ ಮೀನುಗಾರಿಕೆ ಬಂದ್, ಮಳೆಗಾಲ ಹತ್ರ ಬಂದ್ರೆ ಉಡುಪಿ ಹತ್ರ ಮಲ್ಪೆಯಿಂದ ದ್ವೀಪಕ್ಕೆ ಹೋಗೋ ಬೋಟೂ ನಿಲ್ಲಿಸ್ತಾರೆ. ಹಾಗಾಗಿ ನಮ್ಮಂಥವರಿಗೆ ಉಳಿಯೋದು ಏಪ್ರಿಲ್ ಕೊನೆ ವಾರದಿಂದ ಮೇ ಮಧ್ಯದವರೆಗಿನ ಒಂದು ಸಣ್ಣ ಗ್ಯಾಪ್ ಅಷ್ಟೆ. ಸೆಕೆ ಅತೀ ಜಾಸ್ತಿ ಇರೋದೂ ಅದೇ ಟೈಮಲ್ಲಿ, ಏನ್ ಮಾಡೋದು.

ಮೂರ್ನಾಡಲ್ಲಿ ನಮ್ಮನೆ ಊಟದ ಟೇಬಲ್ ಮೇಲೆ ಮ್ಯಾಪ್ ಇಟ್ಕೊಂಡು ಕೂತಾಗ ಒಬ್ಬೊಬ್ಬರದ್ದು ಒಂದೊಂದು ರಾಗ. ಮೈದುನನಿಗೆ ಗೋವಾ ಬೇಕು. ಅತ್ತೆಗೆ ಉಡುಪಿ ಒಂದಾದ್ರೆ ಸಾಕು. ಮಕ್ಕಳಿಗೆ ಕಾರು ಸಮುದ್ರಕ್ಕೇ ಇಳಿಯೋ ಬೀಚ್ ಬೇಕು, ನಮ್ಮವರಿಗೆ ಎಲ್ಲಿಗೆ ಹೋದ್ರೂ ಮಧ್ಯಾಹ್ನ ಮೀನು ಬೇಕು. ಗೋವಾ ಬೇಡ ಅಂತ ನಾನೇ ಹಠ ಹಿಡಿದೆ. ಗಂಟುನೋವಿನ ಅತ್ತೆ, ತಿರುವು ಕಂಡ್ರೆ ವಾಂತಿ ಮಾಡೋ ಮಕ್ಕಳು ಇವರನ್ನೆಲ್ಲ ಕೂರಿಸ್ಕೊಂಡು ಅಷ್ಟು ದೂರ ಓಡಿದ್ರೆ ಹೋಗಿದ್ದಕ್ಕಿಂತ ಕೂತಿದ್ದೇ ಹೆಚ್ಚಾಗ್ತದೆ. ಅದರ ಬದ್ಲು ಒಂದು ಘಾಟಿ ಇಳಿದು ಇನ್ನೊಂದು ಘಾಟಿ ಹತ್ತೋಣ ಅಂದೆ. ವಿರಾಜಪೇಟೆಯಿಂದ ಮಾಕುಟ್ಟ ಇಳಿದು ಕಣ್ಣೂರು, ಅಲ್ಲಿಂದ ಸಮುದ್ರ ಎಡಕ್ಕಿಟ್ಕೊಂಡು ಬೇಕಲ, ಮಂಗಳೂರು, ಉಡುಪಿ, ಕುಂದಾಪುರ, ಆಮೇಲೆ ತಿರುಗಿ ಪುತ್ತೂರು, ಸುಳ್ಯ, ಸಂಪಾಜೆ. ಬಂದ ದಾರಿ ಮತ್ತೆ ನೋಡೋ ಬೋರಿಲ್ಲ, ಕೊನೆಗೆ ಸುಳ್ಯ ಹತ್ರ ನನ್ನ ತವರುಮನೇಲಿ ಒಂದು ರಾತ್ರಿ ಲಾಡ್ಜ್ ಖರ್ಚೂ ಇಲ್ಲ. ಈ ಕೊನೇ ಪಾಯಿಂಟಿಗೆ ನಮ್ಮವರು ತಕ್ಷಣ ಒಪ್ಪಿದ್ರು.

ರೂಲ್ಸ್ ಎರಡೇ ಇಟ್ಕೊಂಡ್ವಿ. ದಿನಕ್ಕೆ ನೂರು ಕಿಲೋಮೀಟರ್ ಆಸುಪಾಸು ಸಾಕು. ಮತ್ತೆ ಬೆಳಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಯಾರೂ ಹೊರಗೆ ಕಾಲಿಡಂಗಿಲ್ಲ. ಮಡಿಕೇರಿ ಕಡೆ ಫ್ಯಾನೇ ಇಲ್ಲದ ಮನೆ ಈಗಲೂ ಇದೆ ನೋಡಿ, ಅಂಥ ಊರಿಂದ ಇಳಿದವರಿಗೆ ಮೇ ತಿಂಗಳ ಕರಾವಳಿ ಅಂದ್ರೆ ಬೆವರಲ್ಲೇ ಸ್ನಾನ. ರೂಮ್ ಬುಕ್ ಮಾಡುವಾಗ ವ್ಯೂ ಕೇಳಬೇಡಿ, ಏಸಿ ಸರಿ ಇದ್ಯಾ ಅಂತ ಕೇಳಿ.

ಪೆಟ್ರೋಲ್ ವಿರಾಜಪೇಟೇಲೇ ಫುಲ್ ಮಾಡ್ಸಿದ್ವಿ, ಕೇರಳದಲ್ಲಿ ರೇಟ್ ಜಾಸ್ತಿ. ಪೆರುಂಬಾಡಿ ದಾಟಿದ್ಮೇಲೆ ಮಾಕುಟ್ಟದ ಕಾಡು ಶುರು, ಮೇ ತಿಂಗಳಲ್ಲೂ ಬೆಳಗ್ಗೆ ಆ ರಸ್ತೆ ತಂಪೇ. ಆನೆ ಓಡಾಡೋ ಜಾಗ, ಫೋಟೋ ತೆಗಿಯೋಕೆ ಅಂತ ಎಲ್ಲೆಂದ್ರಲ್ಲಿ ನಿಲ್ಲಿಸೋದು ಬೇಡ, ಕತ್ತಲಾದ್ಮೇಲಂತೂ ಬೇಡವೇ ಬೇಡ. ಸೆಕೆಂಡ್ ಗೇರಲ್ಲಿ ನಿಧಾನಕ್ಕೆ ಇಳಿದ್ರೆ ಬ್ರೇಕಿಗೂ ಒಳ್ಳೇದು ಮಕ್ಕಳ ಹೊಟ್ಟೆಗೂ ಒಳ್ಳೇದು. ನಾನಂತೂ ಮನೇಲಿ ಮಕ್ಕಳಿಗೆ ಬರೀ ಒಂದು ಅಕ್ಕಿರೊಟ್ಟಿ ಕೊಟ್ಟು, ಏಸಿ ಆಫ್ ಮಾಡ್ಸಿ, ಕಿಟಕಿ ಇಳಿಸಿ, ಕೈಗೆ ಒಂದೊಂದು ನಿಂಬೆಹಣ್ಣು ಕೊಟ್ಟು ಕೂರಿಸಿದ್ದೆ. ಕೂಟುಪುಯ ಸೇತುವೆ ದಾಟಿದ್ರೆ ಬೋರ್ಡೆಲ್ಲ ಮಲಯಾಳಂ, ಆಮೇಲೆ ಇರಿಟ್ಟಿ, ಮಟ್ಟನ್ನೂರು. ಕಣ್ಣೂರು ಏರ್‌ಪೋರ್ಟ್ ಇರೋದು ಇಲ್ಲೇ, 2018ರ ಡಿಸೆಂಬರಲ್ಲಿ ಶುರುವಾದದ್ದು, ದಕ್ಷಿಣ ಕೊಡಗಿನವರಿಗೆ ಬೆಂಗಳೂರಿಗಿಂತ ಇದೇ ಹತ್ರ.

ಮುಯಪ್ಪಿಲಂಗಾಡ್ ಬೀಚ್ ಕಣ್ಣೂರಿಗೂ ತಲಶ್ಶೇರಿಗೂ ಮಧ್ಯ ಇದೆ. ಸುಮಾರು ನಾಲ್ಕು ಕಿಲೋಮೀಟರ್ ಮರಳ ಮೇಲೇ ಕಾರ್ ಓಡಿಸ್ಬಹುದು, ಅಲೆ ಬಂದು ಟೈರ್ ಮುಟ್ಟಿ ಹೋಗ್ತದೆ. ಮಕ್ಕಳು ಕಿರುಚಿದ್ದು ಕೇಳಿ ಅತ್ತೆ ಕಿವಿ ಮುಚ್ಕೊಂಡ್ರು. ಇಳಿತದ ಟೈಮ್ ನೋಡ್ಕೊಂಡು ಹೋದ್ರೆ ಮರಳು ಗಟ್ಟಿ ಇರ್ತದೆ, ಇಲ್ಲಾಂದ್ರೆ ಹೂತು ಹೋಗೋ ಭಯ. ವಾಪಸ್ ಬಂದ ಕೂಡ್ಲೆ ಗಾಡಿ ಅಡಿಗೆ ಸಿಹಿನೀರು ಹೊಡಿಸ್ಬೇಕು, ಉಪ್ಪಿಗೆ ತುಕ್ಕು ಹಿಡಿಯೋಕೆ ಹೆಚ್ಚು ದಿನ ಬೇಡ. ತಲಶ್ಶೇರಿ ಬಿರಿಯಾನಿ ತಿಂದ್ವಿ, ಅದು ಬಾಸುಮತಿ ಅಲ್ಲ, ಸಣ್ಣ ಅಕ್ಕಿದು, ಖಾರ ಕಮ್ಮಿ, ಮಕ್ಕಳಿಗೂ ಸರಿಹೋಯ್ತು.

ಕಣ್ಣೂರು ಹತ್ರದ ಪರಶ್ಶಿನಿಕಡವು ಮುತ್ತಪ್ಪನ ದೇವಸ್ಥಾನ ಪ್ಲಾನಲ್ಲಿ ಇರ್ಲಿಲ್ಲ, ಅತ್ತೆ ಹೇಳಿ ಸೇರಿಸ್ಕೊಂಡದ್ದು. ಮುತ್ತಪ್ಪ ನಮಗೇನು ಹೊಸಬನಲ್ಲ, ಮಡಿಕೇರೀಲೇ ಮುತ್ತಪ್ಪನ ದೇವಸ್ಥಾನ ಇದೆ, ತೆರೆ ಕಟ್ಟೋದು, ಅಂದ್ರೆ ವೇಷ ಕಟ್ಟಿದವರ ಮೈಮೇಲೆ ದೇವರು ಬರೋದು ನೋಡಿಯೇ ಬೆಳೆದವರು ನಾವು. ಅದನ್ನೇ ಕೇರಳದಲ್ಲಿ ತೆಯ್ಯಂ ಅಂತಾರೆ. ಆದ್ರೆ ಇಲ್ಲಿ ಹೊಳೆದಡದಲ್ಲಿ ದಿನಾ ತೆಯ್ಯಂ ನಡೀತದೆ, ನಾಯಿಗಳು ದೇವಸ್ಥಾನದೊಳಗೆ ಧಾರಾಳವಾಗಿ ಓಡಾಡ್ತವೆ, ಯಾರೂ ಹಚಾ ಅನ್ನಲ್ಲ. ಮುತ್ತಪ್ಪ ಬಂದವರ ಕೈ ಹಿಡ್ಕೊಂಡು ಮನೆ ಹಿರಿಯರ ಥರ ಕಷ್ಟಸುಖ ಕೇಳ್ತಾನೆ. ಅತ್ತೆ ಏನು ಹೇಳ್ಕೊಂಡ್ರು ಅಂತ ನಮಗ್ಯಾರಿಗೂ ಹೇಳ್ಲಿಲ್ಲ, ಗಂಟುನೋವಿನ ವಿಷಯ ಅಂತೂ ಅಲ್ಲ ಅಂದ್ರು. ಪ್ರಸಾದ ಅಂದ್ರೆ ಬೇಯ್ಸಿದ ಕಾಳು, ತೆಂಗಿನಕಾಯಿ ಚೂರು, ಬಿಸಿ ಚಾ. ಇಡೀ ಟ್ರಿಪ್ಪಲ್ಲಿ ನನಗೆ ಅತೀ ಇಷ್ಟ ಆದ ತಿಂಡಿ ಅದೇ ಅಂದ್ರೆ ನಮ್ಮವರು ನಗ್ತಾರೆ.

ಬೇಕಲ ಕೋಟೆಗೆ ಬೆಳಗ್ಗೆ ಬಾಗಿಲು ತೆಗೆದ ಕೂಡ್ಲೆ ಒಳಗೆ ಹೋಗ್ಬೇಕು. ಒಳಗೆ ನೆರಳೇ ಇಲ್ಲ, ಮುರಕಲ್ಲು ಹತ್ತು ಗಂಟೆಗೆಲ್ಲ ಕಾದು ಬಿಡ್ತದೆ. ಕೆಳದಿಯ ಶಿವಪ್ಪನಾಯಕ 1650ರ ಸುಮಾರಿಗೆ ಕಟ್ಟಿಸಿದ್ದು. ನಮ್ಮ ಕೊಡಗು ಆಳಿದ ಹಾಲೇರಿ ರಾಜರೂ ಇದೇ ಕೆಳದಿ-ಇಕ್ಕೇರಿ ಮನೆತನದ ಕವಲೇ ಅಂತಾರಲ್ಲ, ಹಾಗಾಗಿ ದಾಯಾದಿಗಳ ಕೋಟೆ ಅಂತ ಮಕ್ಕಳಿಗೆ ಹೇಳಿದೆ, ಮಡಿಕೇರಿ ಕೋಟೇಲಿ ಸಮುದ್ರ ಯಾಕಿಲ್ಲ ಅಂತ ಸಣ್ಣವಳು ಕೇಳಿದ್ಲು, ಉತ್ತರ ಕೊಡೋದು ಅವಳ ಚಿಕ್ಕಪ್ಪನಿಗೆ ಬಿಟ್ಟೆ.

ಮಂಗಳೂರಲ್ಲಿ ನಿಲ್ಲಲಿಲ್ಲ. ಐಸ್ಕ್ರೀಮ್ ತಿಂದು, ಹೈವೇ ಹಿಡಿದು, ತಲಪಾಡಿ ಆದ್ಮೇಲೆ ಹೆಜಮಾಡಿ, ಕುಂದಾಪುರ ಕಡೆ ಹೋಗುವಾಗ ಸಾಸ್ತಾನ ಅಂತ ಟೋಲ್ ಮೇಲೆ ಟೋಲ್, ಫಾಸ್ಟ್ಯಾಗಲ್ಲಿ ದುಡ್ಡು ಹಾಕ್ಕೊಂಡೇ ಹೊರಡಿ. ಕಾಪು ದೀಪಸ್ತಂಭ 1901ರದ್ದು, ಬಂಡೆ ಮೇಲೆ ಕಟ್ಟಿದ್ದು, ಸಂಜೆ ಹತ್ತೋಕೆ ಬಿಡ್ತಾರೆ. ನಮ್ಮವರು ಮಕ್ಕಳನ್ನ ಕರ್ಕೊಂಡು ಹತ್ತಿದ್ರು, ನಾನೂ ಅತ್ತೆಯೂ ಕೆಳಗೆ ಗಾಳಿಗೆ ಕೂತು ಚುರುಮುರಿ ತಿಂದ್ವಿ.

ಮಲ್ಪೇಲಿ ಮಾತ್ರ ಕಾಲು ಚಾಚಿ ಉಳಿದ್ವಿ. ಹತ್ತಾರು ಊರಿಗೆ ಮೂಗು ತೋರಿಸಿ ಬರೋದಕ್ಕಿಂತ ಒಂದು ಕಡೆ ಬ್ಯಾಗ್ ಬಿಚ್ಚಿಟ್ಟು ಅಲ್ಲಿಂದ ಸುತ್ತೋದು ಅಂತ ಮೊದಲೇ ತೀರ್ಮಾನ ಆಗಿತ್ತು. ಇಲ್ಲಿ ದಡ ಸಮತಟ್ಟು, ಲೈಫ್‌ಗಾರ್ಡ್ ಇರ್ತಾರೆ, ಮಕ್ಕಳಿಗೆ ಸರಿ. ಸೋಮೇಶ್ವರದ ಥರ ಬಂಡೆ ಇರೋ ಕಡೆ ನಾನು ಇಳಿಯೋಕೆ ಬಿಡಲ್ಲ. ನಮ್ಮ ಮಕ್ಕಳು ತೋಟದ ಕೆರೇಲಿ ಈಜು ಕಲ್ತವರು, ಅದಕ್ಕೇ ಭಯ ಜಾಸ್ತಿ. ಈಜು ಬರ್ತದೆ ಅನ್ನೋ ಧೈರ್ಯದಲ್ಲಿ ನುಗ್ತಾರೆ, ಆದ್ರೆ ಸಮುದ್ರದ ನೀರು ಕಾಲಡಿ ಮರಳನ್ನೇ ಎಳ್ಕೊಂಡು ಹೋಗೋದು ಕೆರೆ ಈಜಿದವರಿಗೆ ಗೊತ್ತಾಗಲ್ಲ.

ಸೇಂಟ್ ಮೇರಿಸ್ ದ್ವೀಪಕ್ಕೆ ಬೆಳಗಿನ ಬೋಟ್ ಹಿಡಿದ್ವಿ. ಅಲ್ಲಿರೋ ಕಂಬ ಕಂಬ ಆಕಾರದ ಕಪ್ಪು ಕಲ್ಲು ನೋಡಿ ಅತ್ತೆ, "ಇದೇನು, ಯಾರೋ ಸೌದೆ ನಿಲ್ಲಿಸಿ ಇಟ್ಟ ಹಾಗಿದೆಯಲ್ಲ" ಅಂದ್ರು. ಲಾವಾ ಉಕ್ಕಿ ನಿಧಾನಕ್ಕೆ ತಣ್ಣಗಾಗುವಾಗ ಹಾಗೆ ಕೋನ ಕೋನವಾಗಿ ಸೀಳ್ತದಂತೆ, ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆ ಆದ ಕಾಲದ್ದು. ಹಾಗಾದ್ರೆ ಆ ಕಡೆ ಇರೋ ಅರ್ಧ ಸೌದೆ ಮಡಗಾಸ್ಕರಲ್ಲಿ ಇದ್ಯಾ ಅಂತ ದೊಡ್ಡವನು ಕೇಳಿದ. ತಮಾಷೆಗೆ ಕೇಳಿದ್ರೂ ಮಾತು ಸರಿ, ಅಲ್ಲೂ ಅದೇ ಕಾಲದ ಜ್ವಾಲಾಮುಖಿ ಕಲ್ಲು ಸಿಗ್ತದೆ. ದ್ವೀಪದಲ್ಲಿ ತೆಂಗಿನ ಮರ ಬಿಟ್ರೆ ಹೆಚ್ಚು ನೆರಳಿಲ್ಲ, ಟೋಪಿ ಬೇಕು, ಚಪ್ಪಲ್ ಜಾರದ್ದು ಬೇಕು.

ಉಡುಪೀಲಿ ಕೃಷ್ಣನ್ನ ಒಂಬತ್ತು ತೂತಿನ ಕಿಟಕೀಲಿ ನೋಡಿ, ಕನಕನ ಕಿಂಡಿ ಹತ್ರ ಅತ್ತೆ ಸ್ವಲ್ಪ ಹೊತ್ತು ನಿಂತು, ಮಠದಲ್ಲೇ ಊಟ ಮಾಡಿ ಬಂದ್ವಿ. ಅವತ್ತು ರಾತ್ರಿ ನಮ್ಮವರು ಬಂಗುಡೆ ಪುಳಿಮುಂಚಿ ಹುಡ್ಕೊಂಡು ಹೋದ್ರು, ಅತ್ತೆ ಮುಖ ಆ ಕಡೆ ತಿರುಗಿಸ್ಕೊಂಡ್ರು. ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹಣ್ಣಿನ ಹುಳಿ) ಹಾಕಿದ ಸಾರು ತಿಂದು ಬೆಳೆದ ನಾಲಿಗೆಗೆ ಅವರ ಹುಣಸೆ ಹುಳಿ ಬೇರೆ ಥರ ಕಾಣ್ತದೆ, ಆದ್ರೆ ನೀರುದೋಸೆ ಜೊತೆ ಅದಕ್ಕೆ ಸಾಟಿ ಇಲ್ಲ ಬಿಡಿ. ಮಡಿಕೇರಿ, ಕುಶಾಲನಗರಕ್ಕೆ ಲಾರೀಲಿ ಐಸ್ ಹಾಕ್ಕೊಂಡು ಬರೋ ಬಂಗುಡೆಗೂ ಬೆಳಗ್ಗೆ ಮಲ್ಪೆ ಬಂದರಲ್ಲಿ ಇಳಿದ ಬಂಗುಡೆಗೂ ಇರೋ ವ್ಯತ್ಯಾಸ ಒಂದ್ಸಲ ತಿಂದ್ರೆ ಗೊತ್ತಾಗ್ತದೆ. ಕುಂದಾಪುರದ ಚಿಕನ್ ಘೀ ರೋಸ್ಟ್ ಬಗ್ಗೆ ಎಲ್ಲರೂ ಹೊಗಳ್ತಾರೆ, ನನಗೆ ಅಷ್ಟಕ್ಕಷ್ಟೆ, ತುಪ್ಪ ಜಾಸ್ತಿ.

ಮರವಂತೇಲಿ ಹೈವೇಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ. ಕಾರ್ ನಿಲ್ಲಿಸೋ ಜಾಗ ನೋಡಿ ನಿಲ್ಲಿಸಿ, ಗಾಡಿಗಳು ಸಿಕ್ಕಾಪಟ್ಟೆ ಜೋರಾಗಿ ಬರ್ತವೆ. ಮುರುಡೇಶ್ವರಕ್ಕೂ ಹೋದ್ವಿ, 123 ಅಡಿಯ ಶಿವ, 20 ಅಂತಸ್ತಿನ ಗೋಪುರ, ಲಿಫ್ಟಿಗೆ ಉದ್ದ ಕ್ಯೂ. ಮೈದುನ ಅಲ್ಲಿಂದ ಉತ್ತರಕ್ಕೆ ನೋಡಿ "ಅತ್ತಿಗೆ, ಇನ್ನೊಂದು ಸ್ವಲ್ಪ ಹೋದ್ರೆ ಗೋವಾ" ಅಂದ, ನಾನು ಕಾರ್ ತಿರುಗ್ಸಿ ಅಂದೆ.

ವಾಪಸ್ ಬರುವಾಗ ಮಂಗಳೂರಲ್ಲಿ ಬಾವುಟಗುಡ್ಡಕ್ಕೆ ಹೋದದ್ದು ನನ್ನ ಅಪ್ಪನ ಆರ್ಡರ್. 1834ರಲ್ಲಿ ಬ್ರಿಟಿಷರು ಕೊಡಗನ್ನ ತಗೊಂಡ್ಮೇಲೆ ಅಲ್ಲಿಯವರೆಗೆ ಕೊಡಗಿಗೇ ಸೇರಿದ್ದ ಅಮರಸುಳ್ಯ, ಪುತ್ತೂರು ಭಾಗನ ಮಂಗಳೂರು ಕಡೆಯ ಕೆನರಾ ಜಿಲ್ಲೆಗೆ ಹಾಕಿದ್ರು, ಬೆಳೆ ರೂಪದಲ್ಲಿ ಕೊಡ್ತಿದ್ದ ಕಂದಾಯ ನಗದಲ್ಲೇ ಕಟ್ಟಿ ಅಂದ್ರು. 1837ರಲ್ಲಿ ರೈತರು ದಂಗೆ ಎದ್ರು. ಕೆದಂಬಾಡಿ ರಾಮಯ್ಯಗೌಡರು, ಗುಡ್ಡೆಮನೆ ಅಪ್ಪಯ್ಯಗೌಡರು ಎಲ್ಲ ಸೇರಿ ಬೆಳ್ಳಾರೆ ಖಜಾನೆ ವಶ ಮಾಡ್ಕೊಂಡು, ಪುತ್ತೂರು, ಬಂಟ್ವಾಳ ದಾಟಿ ಮಂಗಳೂರು ಸೇರಿ, ಏಪ್ರಿಲ್ 5ಕ್ಕೆ ಈ ಗುಡ್ಡದ ಮೇಲೆ ಬಾವುಟ ಏರಿಸಿದ್ರು, 13 ದಿನ ಮಂಗಳೂರು ಅವರ ಕೈಲಿತ್ತು. ಅದೇ ವರ್ಷ ಅಕ್ಟೋಬರ್ 31ಕ್ಕೆ ಅಪ್ಪಯ್ಯಗೌಡರನ್ನ ಮಡಿಕೇರಿ ಕೋಟೇಲಿ ಗಲ್ಲಿಗೆ ಹಾಕಿದ್ರು. ರಾಮಯ್ಯಗೌಡರ ಪ್ರತಿಮೆ 2022ರಲ್ಲಿ ಬಾವುಟಗುಡ್ಡದಲ್ಲಿ ಇಟ್ಟಿದ್ದಾರೆ. ಮಾಣಿ, ಪುತ್ತೂರು, ಸುಳ್ಯ ಅಂತ ಏಸಿ ಕಾರಲ್ಲಿ ಕೂತು ಬರ್ತಾ ಈ ಕಥೆ ಹೇಳಿದ್ರೆ ಇಷ್ಟು ದೂರ ಏಪ್ರಿಲ್ ಬಿಸಿಲಲ್ಲಿ ನಡ್ಕೊಂಡೇ ಹೋದ್ರಾ ಅಂತ ಮಕ್ಕಳು ಬಾಯಿ ಬಿಟ್ರು. ತವರುಮನೇಲಿ ರಾತ್ರಿ ಅಪ್ಪ ಇದೇ ಕಥೇನ ಮತ್ತೆ ಮೊದಲಿಂದ ಹೇಳಿದ್ರು, ನಾನು ಹೇಳಿದ್ರಲ್ಲಿ ಅರ್ಧ ಬಿಟ್ಟಿದ್ದೀನಂತೆ.

ಕಲ್ಲುಗುಂಡಿ ಆಗಿ ಸಂಪಾಜೆ ದಾಟಿ ಜೋಡುಪಾಲ ಬರೋ ಹೊತ್ತಿಗೆ ಕಿವಿ ಗುಯ್ ಅನ್ನೋಕೆ ಶುರು, ಮದೆನಾಡು ಹತ್ರ ಏಸಿ ಆಫ್ ಮಾಡಿದ್ವಿ. 2018ರ ಆಗಸ್ಟಲ್ಲಿ ಗುಡ್ಡ ಜಾರಿ ಈ ರಸ್ತೆ ಬಂದ್ ಆಗಿದ್ದು ನಮಗ್ಯಾರಿಗೂ ಮರೆತಿಲ್ಲ. ಮೇ ದಾಟಿಸಿ ಹೊರಡೋರಿದ್ರೆ ಈ ಸುತ್ತನ್ನ ಹಿಂಗೇ ಮಾಡೋಕೆ ಹೋಗ್ಬೇಡಿ. ಮಳೆ ಹಿಡೀತಂದ್ರೆ ಮಾಕುಟ್ಟವೂ ಸಂಪಾಜೆಯೂ ಎರಡೂ ಒಟ್ಟಿಗೆ ನಂಬೋ ಹಾಗಿಲ್ಲ, ಅತ್ತ ಬೋಟೂ ಇಲ್ಲ, ಮೀನೂ ಫ್ರೀಜರಿಂದು. ಮತ್ತೆ ತವರುಮನೆ ಸುಳ್ಯದಲ್ಲಿ ಇಲ್ಲದವರು ಕೊನೇ ರಾತ್ರಿಗೆ ಪುತ್ತೂರಲ್ಲಿ ರೂಮ್ ನೋಡ್ಕೊಳ್ಳಿ, ಮಲ್ಪೆಯಿಂದ ಒಂದೇ ದಿನಕ್ಕೆ ಮನೆ ಸೇರ್ತೀವಿ ಅಂತ ಹೊರಟ್ರೆ ಘಾಟಿ ಹತ್ತೋದು ಕತ್ತಲಲ್ಲಿ ಆಗ್ತದೆ.